ಎಲ್ಲೆ ಅಂದರೆ ನಾಳೆ

ಕುವೈತಿನ ಆ ಕಚೇರಿಯಲ್ಲಿ ನಾನು ದುಭಾಷಿಯಾಗಿದ್ದೆ. ಸಣ್ಣಪುಟ್ಟ ಅಪರಾಧ ಮಾಡಿದವರನ್ನು ನ್ಯಾಯಾಲಯ ಜೈಲಿಗೆ ಹಾಕದೆ ನಮ್ಮ ನಿಗಾದಲ್ಲಿ ಹೊರಗೆ ಬಿಡುತ್ತಿತ್ತು. ಅವರು ವಾರಕ್ಕೊಮ್ಮೆ ಬಂದು ಮುಖ ತೋರಿಸಬೇಕು, ಕೆಲಸ ಬಿಡಬಾರದು, ಜಗಳಕ್ಕೆ ಹೋಗಬಾರದು. ಮಾತು ತಪ್ಪಿದರೆ ಜೈಲು. ಬರುವವರಲ್ಲಿ ಹೆಚ್ಚಿನವರು ಹೊರದೇಶದ ಕೂಲಿಗಳು. ಅವರು ತುಳು, ಕನ್ನಡ, ಹಿಂದಿಯಲ್ಲಿ ಹೇಳಿದ್ದನ್ನು ನಾನು ನನಗೆ ಬರುವಷ್ಟು ಅರಬಿಯಲ್ಲಿ ಅಧಿಕಾರಿಗೆ ಹೇಳುತ್ತಿದ್ದೆ. ಎಸ್ಸೆಸ್ಸೆಲ್ಸಿ ಓದಿದವನಿಗೆ ಅದು ದೊಡ್ಡ ಕುರ್ಚಿಯೇ.

ತೊಂಬತ್ತರ ಬೇಸಗೆಯಲ್ಲಿ ಕಚೇರಿಯನ್ನು ಹೊಸದು ಮಾಡಲು ಹೊರಟರು. ಕೂಲಿಗಳ ಕ್ಯಾಂಪುಗಳಿಗೇ ಹೋಗಿ, ಚಹಾ ಕುಡಿದು, ನಾಲ್ಕು ಮಾತು ಕೇಳಿ ಬರುತ್ತಿದ್ದ ಹಳೆಯ ಅಧಿಕಾರಿಗಳು ನಿವೃತ್ತರಾದರು. ಅವರ ಜಾಗಕ್ಕೆ ಆಗಷ್ಟೇ ಕಾಲೇಜು ಮುಗಿಸಿದವರು ಬಂದರು. ಕಂಪ್ಯೂಟರ್ ಬಂತು. ಮೇಜಿನ ಮೇಲಿಟ್ಟರೆ ಕೋಣೆಗೆಲ್ಲ ಕೇಳುವ ಸ್ಪೀಕರ್ ಫೋನ್ ಬಂತು. ಜತೆಗೇ ಒಂದು ಸುದ್ದಿ ಹಬ್ಬಿತು: ಇಷ್ಟು ದುಭಾಷಿಗಳು ಬೇಡ, ಒಬ್ಬ ಸಾಕು. ಅಲ್ಲಿ ಉಳಿಯುವುದಕ್ಕೆ ಬೇಕಾದ ನನ್ನ ಇಕಾಮಾ ಆ ತಿಂಗಳೇ ಹೊಸದಾಗಬೇಕಿತ್ತು. ಅರ್ಜಿ ನಿರ್ದೇಶಕರ ಸಹಿಗೆ ಕಾದು ಕೂತಿತ್ತು. ಅವರು ಗಂಟಲು ಕೆರೆದರೂ ನಾನು ಎದ್ದು ನಿಲ್ಲುತ್ತಿದ್ದೆ.

ನಮ್ಮ ನಿಗಾದಲ್ಲಿ ಕಾರ್ಕಳ ಕಡೆಯ ಒಬ್ಬ ಅಡುಗೆಯವನಿದ್ದ. ಅರ್ದಿಯಾದ ಕಾರ್ಮಿಕರ ಮೆಸ್ಸಿನಲ್ಲಿ ಅವನ ಕೆಲಸ. ಸಾರು ರುಚಿಯಿಲ್ಲ ಎಂದು ಹೆಸರಿಟ್ಟ ಸ್ಟೋರ್‌ಕೀಪರನಿಗೆ ಸೌಟಿನಲ್ಲಿ ಬಾರಿಸಿದ್ದು ಅವನ ಅಪರಾಧ. ಹೆಂಡತಿ ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಆಯಾ. ಅವನ ಪಾಸ್‌ಪೋರ್ಟ್ ನಮ್ಮ ಕಪಾಟಿನಲ್ಲಿತ್ತು. ತುಳು ಬಿಟ್ಟು ಬೇರೆ ಭಾಷೆಗೆ ಅವನ ನಾಲಿಗೆ ಹೊರಳುತ್ತಿರಲಿಲ್ಲ. "ಅಣ್ಣಾ, ಇಲ್ಲಿ ನನ್ನ ಬಾಯಿ ನೀವೇ," ಎಂದು ತುಳುವಿನಲ್ಲೇ ಹೇಳಿ ನಗುತ್ತಿದ್ದ.

ಜುಲೈ ಕೊನೆಯ ಒಂದು ಬೆಳಿಗ್ಗೆ ಹೊಸ ಅಧಿಕಾರಿ ನಿರ್ದೇಶಕರನ್ನು ಕೂರಿಸಿಕೊಂಡು ಫೋನಿನ ಪದ್ಧತಿ ತೋರಿಸುತ್ತಿದ್ದ. ಅಡುಗೆಯವನ ಮೆಸ್ಸಿಗೆ ಫೋನ್ ಹಚ್ಚಿ, "ಇವತ್ತೇ ಬರಬೇಕು ಅನ್ನು," ಎಂದು ನನಗೆ ಹೇಳಿದ. ನಾನು ತುಳುವಿನಲ್ಲಿ ಹೇಳಿದೆ. ಆ ಕಡೆ ಫ್ಯಾನಿನ ಗದ್ದಲ, ಪಾತ್ರೆಗಳ ಸದ್ದು. ಅದರ ನಡುವೆ ಅವನು ಕೂಗಿದ:

"ಇನಿ ಆಪುಜಿ, ಅಣ್ಣಾ! ಎಲ್ಲೆ! ಎಲ್ಲೆ!"

ಇವತ್ತು ಆಗುವುದಿಲ್ಲ, ನಾಳೆ ಎಂದರ್ಥ. ಅಷ್ಟರಲ್ಲಿ ಫೋನ್ ಕಡಿಯಿತು.

ಅಧಿಕಾರಿ ಮೇಜು ತಟ್ಟಿ ನಕ್ಕ. "ಕೇಳಿದಿರಾ? ಯಲ್ಲಾ, ಯಲ್ಲಾ ಅಂದ! ಈ ಮಹಾಶಯನಿಗೂ ಅರಬಿ ಬಂತು. ಇನ್ನು ಇವನಿಗೆ ಸಂಬಳ ಯಾಕೆ?" ಎಂದು ನನ್ನತ್ತ ಬೆರಳು ತೋರಿಸಿದ.

ಯಲ್ಲಾ ಎಂದರೆ ಅಲ್ಲಿ ನಡಿ, ಹೊರಟೆ, ಬಂದೆ ಎಂದು. ನಿರ್ದೇಶಕರೂ ನಕ್ಕು ನನ್ನನ್ನು ಕೇಳಿದರು: "ಈಗಲೇ ಬರ್ತಾನಂತಾ?"

ಅಲ್ಲ ಎಂದರೆ ಆ ಅಧಿಕಾರಿಗೆ ಮೇಲಿನವರ ಎದುರೇ ಮುಖಭಂಗ. ಅವನು ನನ್ನನ್ನು ಉಳಿಸುವನೇ? ಸರಿಯಾಗಿ ಹೇಳಿದ್ದರೆ ದುಭಾಷಿ ಯಾಕೆ ಬೇಕೆಂದು ಎಲ್ಲರಿಗೂ ತಿಳಿಯುತ್ತಿತ್ತು. ಹೆದರಿದ ತಲೆಗೆ ಅದು ಹೊಳೆಯಲಿಲ್ಲ.

"ಐವಾ," ಎಂದೆ. ಹೌದು ಎಂದು.

ನಿರ್ದೇಶಕರು ಹೋದ ಮೇಲೂ ಹೇಳಬಹುದಿತ್ತು. ಎದ್ದು ಅಧಿಕಾರಿಯ ಬಾಗಿಲಿಗೆ ಹೋದೆ. "ಏನಯ್ಯ?" ಎಂದ. "ಚಹಾ ತರಿಸಲಾ?" ಎಂದು ಕೇಳಿ ಹಿಂದೆ ಬಂದೆ. ಅಡುಗೆಯವನು ಏನಾದರೂ ಮಾಡಿ ಇವತ್ತೇ ಬರಲಿ ಎಂದು ಮೆಟ್ಟಿಲ ಸಪ್ಪಳಕ್ಕೆಲ್ಲ ಕತ್ತೆತ್ತಿ ನೋಡಿದೆ. ಮಧ್ಯಾಹ್ನ ಕಚೇರಿ ಮುಚ್ಚುವಾಗ, ಬರುತ್ತೇನೆಂದು ಹೇಳಿ ತಪ್ಪಿಸಿಕೊಂಡವನು ಎಂದು ಅವನ ಹೆಸರು ಕಂಪ್ಯೂಟರಿಗೆ ಹೋಯಿತು.

ಮರುದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಬಂದ. ಪೊಲೀಸರು ಕೈ ಹಿಡಿದಾಗ ನನ್ನ ಕಡೆ ತಿರುಗಿದ. "ನಾಳೆ ಬರ್ತೇನೆ ಅಂದಿದ್ದೆನಲ್ಲ ಅಣ್ಣಾ! ಹೇಳಿ ಇವರಿಗೆ!"

"ಏನಂತೆ?" ಎಂದ ಅಧಿಕಾರಿ.

"ತಪ್ಪಾಯ್ತು ಅಂತಿದ್ದಾನೆ," ಎಂದೆ.

ಮೊದಲನೆಯದು ಅವರ ಮಾತಿಗೆ ಹೂಂಗುಟ್ಟಿದ್ದು. ಇದು ನಾನೇ ಹುಟ್ಟಿಸಿ ಹೇಳಿದ್ದು.

ಕೆಲವೇ ದಿನಗಳಲ್ಲಿ ಇರಾಕಿನ ಸೈನ್ಯ ಒಳಗೆ ಬಂತು. ಕಚೇರಿಯಲ್ಲಿ ಕಂಪ್ಯೂಟರೂ ಉಳಿಯಲಿಲ್ಲ, ಕಪಾಟೂ ಉಳಿಯಲಿಲ್ಲ. ಜೈಲುಗಳ ಬಾಗಿಲು ತೆರೆದರೆಂದು ಸುದ್ದಿ. ಅವನು ಒಳಗಿದ್ದಾನೋ, ಹೊರಗಿದ್ದಾನೋ, ಇದ್ದಾನೋ ಇಲ್ಲವೋ ಎಂದು ನನಗೆ ಒಂದೇ ಚಿಂತೆ. ಊರಿನ ವಿಮಾನ ಹಿಡಿಯಲು ಗಡಿ ದಾಟಿಸುವ ಬಸ್ಸಿಗೆ ಹೆಸರು ಬರೆಸಲು ಒಂದು ಶಾಲೆಯ ಅಂಗಳದಲ್ಲಿ ನಿಂತಿದ್ದಾಗ ಅವನ ಹೆಂಡತಿಯನ್ನು ಕಂಡೆ. ಮೇಜಿನ ಹಿಂದಿದ್ದವರ ಹತ್ತಿರ ಅವಳು ಗೋಗರೆಯುತ್ತಿದ್ದಳು: "ಅವರಿಗೆ ಪಾಸ್‌ಪೋರ್ಟ್ ಇಲ್ಲ. ಜೈಲಿಂದ ಬಂದವರು, ಹೊರಗೆ ಕಾಲಿಡ್ಲಿಕ್ಕೆ ಹೆದರ್ತಾರೆ. ನಾನೇ ಸಹಿ ಹಾಕಿದ್ರೆ ಆಗುದಿಲ್ವಾ?" ಅವನೇ ಬರಬೇಕು ಎಂದರು. ಅವಳು ತನ್ನ ಹೆಸರನ್ನೂ ಬರೆಸದೆ ಹೊರಟು ಹೋದಳು. ಬದುಕಿದ್ದಾನೆ ಎಂದು ನನಗೆ ಗೊತ್ತಾದದ್ದು ಹಾಗೆ. ನಾನು ಕಂಬದ ಮರೆಗೆ ಸರಿದು ನಿಂತಿದ್ದೆ. ಆಮೇಲೆ ಬಸ್ಸು ಹತ್ತಿದೆ.

ಯುದ್ಧ ಮುಗಿದ ಮೇಲೆ ಕಚೇರಿ ತೆರೆಯಲು ಜನ ಸಾಲದೆ ನನ್ನನ್ನು ಮತ್ತೆ ಕರೆಸಿದರು. ಹೋದವನು ಮೊದಲು ಮಾಡಿದ ಕೆಲಸವೆಂದರೆ ಜಾಬ್ರಿಯಾದ ಆ ಕ್ಲಿನಿಕ್ಕಿನಲ್ಲಿ ವಿಚಾರಿಸಿ ಅವರ ಕೋಣೆ ಹುಡುಕಿದ್ದು. ಬಾಗಿಲು ತೆರೆದವನು ಅವನೇ. ಅರ್ಧ ಆಳಾಗಿದ್ದ.

"ಓಹೋ, ಅಣ್ಣ! ಬದುಕಿದ್ದೀರಾ!" ಎಂದು ನನ್ನ ಕೈ ಹಿಡಿದುಕೊಂಡ.

"ಅವತ್ತು ನೀನು ಎಲ್ಲೆ ಅಂದದ್ದು ನನಗೆ ಸರಿಯಾಗಿ ಕೇಳಿತ್ತು," ಎಂದೆ. ಮಿಕ್ಕಿದ್ದನ್ನೂ ಹೇಳಿದೆ.

ಅವನು ಕೈ ಬಿಟ್ಟ.

"ನಾನೇ ಗಡಿಬಿಡಿಯಲ್ಲಿ ಎಂತದೋ ಒದರಿದೆ ಅಂತ ಗ್ರಹಿಸಿದ್ದೆ ಮಾರಾಯ್ರೆ. ಇವಳು ಅದನ್ನೇ ಹಿಡಿದು ಬೈದದ್ದು. ಒಂದು ಮಾತು ನೆಟ್ಟಗೆ ಆಡ್ಲಿಕ್ಕೆ ಬಾರದೆ ನನ್ನನ್ನೂ ಬಾಂಬಿನ ಅಡಿಯಲ್ಲಿ ಕೂರಿಸಿದ್ರಿ ಅಂತ."

"ಕ್ಷಮಿಸು."

"ಅದೆಲ್ಲ ಆಮೇಲೆ. ಒಳಗೆ ಬನ್ನಿ. ಇವಳಿಗೆ ಹೇಳಿ."

ಅವಳು ಸ್ಟವ್ ಎದುರು ನಿಂತು ಅನ್ನ ಬಸಿಯುತ್ತಿದ್ದಳು. ನಾನು ಶುರು ಮಾಡಿದೆ: "ಆ ಅಧಿಕಾರಿಗೆ ಕೇಳಿದ್ದು ತಪ್ಪಿ..."

"ಅಧಿಕಾರಿಯದ್ದು ಬಿಡಿ," ಎಂದ ಅವನು. "ನೀವು ಎಂತ ಹೇಳಿದ್ರಿ, ಅದು ಹೇಳಿ."

ಹೇಳಿದೆ. ಕಂಬದ ಮರೆಗೆ ನಿಂತದ್ದನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಗಂಡನ ಮುಖ ನೋಡಿದಳು, ತುಂಬಾ ಹೊತ್ತು. ಎರಡು ತಟ್ಟೆ ತೆಗೆದಳು.

"ನೀವು ಊಟಕ್ಕೆ ಕೂತ್ಕೊಳ್ಳಿ," ಎಂದು ಅವನಿಗೆ ಹೇಳಿದಳು.

ನನಗೆ ಕೂತುಕೊಳ್ಳಿ ಅನ್ನಲಿಲ್ಲ. ನಾನು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಗೆ ಬಂದೆ.