ಅಣ್ಣ ಹೇಳಿದ ನನ್ನ ಕಥೆ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುವುದುಂಟು. ಅದು ಸುಳ್ಳು. ಮೂಗಿನ ತುದಿಯ ಸಿಟ್ಟು ಬಂದಷ್ಟೇ ಬೇಗ ಇಳಿಯುತ್ತದೆ. ನನ್ನದು ಉಪ್ಪಿನಕಾಯಿಯ ಹಾಗೆ, ಜಾಡಿಗೆ ಹಾಕಿಟ್ಟರೆ ವರ್ಷವಾದರೂ ಕೆಡುವುದಿಲ್ಲ. ಅಣ್ಣನ ಮೇಲಿನ ಸಿಟ್ಟನ್ನು ನಾನು ಜಾಡಿಗೆ ಹಾಕಿದ್ದು ಚಿತ್ರದುರ್ಗದ ಒಂದು ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ.

ಅಲ್ಲಿ ತಿಂಗಳಿಗೊಮ್ಮೆ ಜನ ಸೇರಿ ತಮ್ಮ ತಮ್ಮ ಬದುಕಿನ ಕಥೆ ಹೇಳುತ್ತಾರೆ. ಕಥೆ ನಡೆದದ್ದಾಗಿರಬೇಕು, ಹೇಳುವವರಿಗೇ ನಡೆದದ್ದಾಗಿರಬೇಕು, ಕೈಯಲ್ಲಿ ಚೀಟಿ ಇರಬಾರದು. ಎಂಟು ನಿಮಿಷಕ್ಕೆ ಗಂಟೆ ಬಾರಿಸುತ್ತಾರೆ. ಬ್ಯಾಂಕಿನವರು, ನರ್ಸಮ್ಮಂದಿರು, ಬಸ್ಸಿನಲ್ಲಿ ಬಂದಿಳಿದ ಸಿರಿಗೆರೆಯ ಕಾಲೇಜು ಹುಡುಗಿಯರು, ಎಲ್ಲ ಬರುತ್ತಾರೆ. ಅಣ್ಣ ಹಿರಿಯೂರಿನಲ್ಲಿ ಹೈಸ್ಕೂಲಿನ ಹೆಡ್‌ಮಾಸ್ಟರು. ಅವ್ವ ಅವನ ಮನೆಯಲ್ಲಿದ್ದಾಳೆ. ನಾನು ಹೊಸದುರ್ಗದ ಕಡೆಯ ಸೊಸೆ, ಅಲ್ಲೇ ಒಂದು ಗ್ರಾಮ ಪಂಚಾಯ್ತಿಯ ಗ್ರಂಥಾಲಯ ನೋಡಿಕೊಳ್ಳುತ್ತೇನೆ.

“ಈ ಸಲ ನಾನು ಹೇಳ್ತಿದೀನಿ, ತಪ್ಪಿಸ್ಬೇಡ ಬಾರಮ್ಮ. ಅವ್ವನ್ನೂ ಕರ್ಕಂಡ್ ಬರ್ತೀನಿ” ಎಂದು ಅಣ್ಣ ಫೋನು ಮಾಡಿದ್ದ. ನಾನು ಹೊಸ ಸೀರೆ ಉಟ್ಟು, ಅವನಿಗೆಂದು ಚಕ್ಕುಲಿ ಕಟ್ಟಿಕೊಂಡು ಹೋದೆ. ಆ ಚಕ್ಕುಲಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಣ್ಣ ವೇದಿಕೆ ಹತ್ತಿ, ಮೈಕು ಸರಿ ಮಾಡಿಕೊಂಡು, “ನಾನು ಕುರಿ ಕಾಯ್ದವನು” ಎಂದು ಶುರು ಮಾಡಿದ. ನಮ್ಮದು ಹೊಳಲ್ಕೆರೆ ತಾಲ್ಲೂಕು, ತಾಳ್ಯದ ಹತ್ತಿರದ ಊರು. ಸುಗ್ಗಿ ಮುಗಿಯುತ್ತಿದ್ದಂತೆ ಅಪ್ಪ ಮಂದೆ ಹೊಡೆದುಕೊಂಡು ಭರಮಸಾಗರದ ಕಡೆ ಹೋಗುತ್ತಿದ್ದ. ಬೆಳೆ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ರೈತರು ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಒಂದು ವರ್ಷ ಅಪ್ಪ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡ. ಆಗ ಮನೆಯ ಮಗು ಹೆಗಲಿಗೆ ಕಂಬಳಿ ಹಾಕಿಕೊಂಡು ಹೋಗಿ ಮೂರು ತಿಂಗಳು ಹೊಲದಿಂದ ಹೊಲಕ್ಕೆ ಮಂದೆ ನಡೆಸಿತು. ದಾರಿಯಲ್ಲಿ ಈದ ಕುರಿಯ ಮರಿಯನ್ನು ಕಂಬಳಿಯ ಮಡಿಕೆಯಲ್ಲಿ ಎದೆಗೆ ಕಟ್ಟಿಕೊಂಡು ಕೆರೆ ಏರಿಯ ಮೇಲೆ ನಡೆಯಿತು. ಮರಿ ಹಾಲೆಂದುಕೊಂಡು ಅಂಗಿಯ ಗುಂಡಿ ಚೀಪಿತು. ಅಣ್ಣ ಇದನ್ನೆಲ್ಲ ಹೇಳಿದ, ಚೆನ್ನಾಗಿಯೇ ಹೇಳಿದ. ಗುಂಡಿಯ ಮಾತು ಬಂದಾಗ ನನ್ನ ಮುಂದಿದ್ದ ನರ್ಸಮ್ಮ ಕಣ್ಣೊರೆಸಿಕೊಂಡಳು.

ಅದರಲ್ಲಿ ಸುಳ್ಳು ಒಂದೇ ಒಂದು. ಆ ಮಗು ಅಣ್ಣ ಅಲ್ಲ, ನಾನು.

ಆಗ ನನಗೆ ಹನ್ನೆರಡು, ಅವನಿಗೆ ಹದಿನೈದು. ಗುಂಡಿ ಚೀಪಿದ್ದನ್ನು ಅವನಿಗೆ ಹೇಳಿದವಳೂ ನಾನೇ. ಊರಿಗೆ ಬಂದ ದಿನ ಒಲೆಯ ಮುಂದೆ ಕೂತು ಹೇಳಿದ್ದೆ, ಅವನು ಪುಸ್ತಕ ಮಡಚಿಟ್ಟು ಕೇಳಿದ್ದ. ಆ ಮೂರು ತಿಂಗಳಲ್ಲಿ ನನ್ನ ಏಳನೇ ಕ್ಲಾಸು ಹೋಯಿತು. ಮತ್ತೆ ಶಾಲೆಯ ಕಟ್ಟೆ ಹತ್ತಲಿಲ್ಲ. ಎಸ್ಸೆಸ್ಸೆಲ್ಸಿಯನ್ನು ಎರಡು ಮಕ್ಕಳಾದ ಮೇಲೆ ಮನೆಯಲ್ಲೇ ಓದಿ ಕಟ್ಟಿದೆ. ಅಣ್ಣ ಆ ಮಾರ್ಚಿನಲ್ಲೇ ಪರೀಕ್ಷೆ ಬರೆದು ಮುಂದೆ ಹೋದ. ಓದು ಅವನ ಪಾಲಿಗೆ ಬಂತು, ಹೋಗಲಿ. ನನ್ನ ಪಾಲಿಗೆ ಬಂದದ್ದು ಆ ಕುರಿಮರಿಯೊಂದೇ, ಅದನ್ನೂ ಅವನು ಎಲ್ಲರೆದುರು ಎತ್ತಿಕೊಂಡು ಹೋದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪಕ್ಕದಲ್ಲಿದ್ದ ಅವ್ವನೂ ಹೊಡೆದಳು.

ಹೊರಗೆ ಬಂದ ಮೇಲೆ ನಾನು ಬಾಯಿ ತೆರೆಯುವ ಮೊದಲೇ ಅವ್ವ ನನ್ನ ಕೈ ಹಿಡಿದಳು.

“ಹೋಗ್ಲಿ ಬಿಡೇ. ನಿನ್ನ ನೋಡಾಕೆ ಬಂದೋರಿಗೆ ನಾನೇ ಹಂಗೆ ಹೇಳಿದ್ದೆ. ಮಗ ಮಂದೆ ಹಿಂದೆ ಹೋಗಿದ್ದ, ಮಗಳು ಮನ್ಯಾಗಿದ್ಲು ಅಂತ. ಹೆಣ್ಣುಡುಗಿ ಮೂರು ತಿಂಗ್ಳು ಹೊಲದಾಗೆ ಮಲಗಿದ್ಲು ಅಂದ್ರೆ ಯಾರು ಮಾಡ್ಕಂತಿದ್ರು? ಆಮೇಲೆ ಎಲ್ರೂ ಹಂಗೇ ಹೇಳ್ಕಂತ ಬಂದ್ರು.”

“ಅವನಿಗೆ ಗೊತ್ತಿಲ್ವಾ ಅವ್ವ, ತಾನು ಹೋಗಿಲ್ಲ ಅಂತ?”

“ಅವನೂ ಎರಡು ದಿನ ಹೋಗಿದ್ದ ಕಣೇ” ಎಂದಳು ಅವ್ವ.

ಎರಡು ದಿನ. ಬಸ್ಸಿನಲ್ಲಿ ಹೊಸದುರ್ಗದವರೆಗೂ ಅದನ್ನೇ ಜಗಿದೆ. ಊರು ಮುಟ್ಟುವ ಹೊತ್ತಿಗೆ ನನಗೆ ನನ್ನ ಕಥೆ ಸಿಕ್ಕಿತ್ತು. ಕುರಿಮರಿಯನ್ನು ಮುಟ್ಟುವುದಿಲ್ಲ, ಅಣ್ಣನ ಆ ಎರಡು ದಿನವನ್ನು ಹೇಳುತ್ತೇನೆ. ಮಂದೆ ಬಿಟ್ಟು ಓಡಿಬಂದ ಹೆಡ್‌ಮಾಸ್ಟರ ಕಥೆಯನ್ನು ಅವನದೇ ಹೆಂಡತಿ ಮಕ್ಕಳ ಎದುರು ಹೇಳುತ್ತೇನೆ. ಮರುದಿನವೇ ಫೋನು ಮಾಡಿ ಮುಂದಿನ ತಿಂಗಳಿಗೆ ಹೆಸರು ಕೊಟ್ಟೆ.

ಗಂಡನಿಗೆ ಮಾತ್ರ ಮೊದಲೇ ಹೇಳಿದೆ, ಅವನ ಮನೆಯವರಿಗೆ ಹೇಳಿದ್ದ ಸುಳ್ಳನ್ನೂ ಸೇರಿಸಿ. ಅವನು ನಕ್ಕ. “ಅದಕ್ಕೇನೇ ನೀನು ಎಲ್ಲಿ ತಲೆ ಇಟ್ರೂ ನಿದ್ದೆ ಮಾಡೋದು” ಎಂದು ಗಾಡಿ ಒರೆಸಲು ಹೋದ. ಇಷ್ಟಕ್ಕೆ ಅವ್ವ ಅಷ್ಟು ವರ್ಷ ಹೆದರಿದ್ದಳು.

ಆ ತಿಂಗಳೆಲ್ಲ ನಾನು ಸುಖವಾಗಿದ್ದೆ. ಪುಸ್ತಕಗಳಿಗೆ ಸೀಲು ಹೊಡೆಯುತ್ತಾ ಒಂದೊಂದು ಮಾತನ್ನೂ ಮಸೆದೆ. ಯಾವ ಮಾತಿಗೆ ಅಣ್ಣನ ಮುಖ ನೋಡಬೇಕು, ಎಲ್ಲಿ ತಡೆಯಬೇಕು, ಎಲ್ಲವೂ ಸಿದ್ಧವಾಯಿತು. ಅವನು ಫೋನು ಮಾಡಿ, “ಏನು ಹೇಳ್ತೀಯಮ್ಮ?” ಎಂದ. “ಲೈಬ್ರರಿ ಬಗ್ಗೆ ಕಣಣ್ಣ, ಎಲ್ರನ್ನೂ ಕರ್ಕಂಡ್ ಬಾ” ಎಂದೆ. ಎಲ್ಲರನ್ನೂ ಕರೆದುಕೊಂಡು ಬಂದ. ಮೊದಲ ಸಾಲಿನಲ್ಲಿ ಅವನು, ಅತ್ತಿಗೆ, ಅವರ ಮಗಳು, ಅವ್ವ.

ನನ್ನ ಸರದಿ ಬಂತು. “ಹೋದ ತಿಂಗ್ಳು ಒಂದು ಕುರಿಮರಿ ಕಥೆ ಕೇಳಿದ್ರಲ್ಲ, ನಾನು ಅದರ ಹಿಂದಿಂದು ಹೇಳ್ತೀನಿ” ಎಂದೆ. ಅಣ್ಣನ ನಗು ನಿಂತಿತು. ನನಗೆ ಹಿತವಾಯಿತು. ಸುಳ್ಳು ಯಾಕೆ ಹೇಳಲಿ, ಬಿಸಿಲಿನಲ್ಲಿ ಬಂದು ಮಜ್ಜಿಗೆ ಕುಡಿದಷ್ಟು ಹಿತವಾಯಿತು.

ಅಪ್ಪ ಬಿದ್ದ ಮೇಲೆ ಮಂದೆಗೆ ಮೊದಲು ಹೋದವನು ಅಣ್ಣನೇ ಎಂದೆ. ಮೂರನೇ ದಿನ ಬೆಳಿಗ್ಗೆ ಅವ್ವ ನನ್ನ ಕೈಗೆ ರೊಟ್ಟಿಯ ಗಂಟು ಕೊಟ್ಟು, “ಅಣ್ಣಂಗೆ ಕೊಟ್ಟು ಬಾ” ಎಂದಳು. ದುರ್ಗದವರೆಗೆ ತಾನೇ ಬಂದು ಭರಮಸಾಗರದ ಬಸ್ಸು ಹತ್ತಿಸಿದಳು. ಹೊಲದಲ್ಲಿ ಅಣ್ಣ ಇರಲಿಲ್ಲ. ಜೊತೆಯ ಮಂದೆಯ ಮುದುಕ ನಮ್ಮ ಕುರಿಗಳನ್ನೂ ನೋಡಿಕೊಳ್ಳುತ್ತಿದ್ದ. “ಬಂದ್ಯಾ ಮಗಳೇ, ಬಾ” ಎಂದು ನೆರಳು ತೋರಿಸಿದ. ನಿಮ್ಮಣ್ಣ ನಿನ್ನೆ ಸಂಜೆಯೇ ಹೋದ ಎಂದ. “ನಾನು ರೊಟ್ಟಿ ಕೊಟ್ಟು ಬರಾಕೆ ಹೋದೋಳು, ತಿರುಗಿ ಮನೆಗೆ ಬಂದಿದ್ದು ಮೂರು ತಿಂಗ್ಳಿಗೆ” ಎಂದೆ. ಅತ್ತಿಗೆ ಅಣ್ಣನ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿದ. ಗೆದ್ದೆ ಅಂದುಕೊಂಡೆ.

ಗೆದ್ದ ಗತ್ತಿನಲ್ಲಿ, ಮಸೆದಿಟ್ಟುಕೊಂಡಿರದ ಒಂದು ಮಾತನ್ನು ಜನ ನಗಲಿ ಎಂದು ಸೇರಿಸಿದೆ. “ಗಂಟು ಬಿಚ್ಚಿದ್ರೆ ವಾರಕ್ಕಾಗೋಷ್ಟು ರೊಟ್ಟಿ, ಅದರ ಕೆಳಗೆ ನನ್ನ ಇನ್ನೊಂದು ಲಂಗ. ನಮ್ಮವ್ವ ಅದನ್ನ ಯಾಕಿಟ್ಟಿದ್ಲೋ, ಅಣ್ಣ ಉಟ್ಕಂಬೇಕಿತ್ತೋ ಏನೋ.”

ಜನ ನಕ್ಕರು. ಎರಡನೇ ಸಾಲಿನಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು ಮಾತ್ರ ನಗದೆ ಕೆನ್ನೆಗೆ ಕೈ ಇಟ್ಟುಕೊಂಡಳು. ಆಗ ನಾನು ಹೇಳಿದ್ದು ನನಗೇ ಕೇಳಿಸಿತು. ಮೂವತ್ತು ವರ್ಷಕ್ಕೂ ಮೇಲೆ ಆ ಲಂಗ ನನ್ನ ನೆನಪಿನಲ್ಲಿತ್ತು, ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಸಂಜೆಗೆ ಮನೆಗೆ ಬರುವ ಹುಡುಗಿಗೆ ಇನ್ನೊಂದು ಲಂಗ ಯಾಕೆ? ಮುದುಕ ನನ್ನನ್ನು ಕಂಡು ಯಾಕೆ ಬೆರಗಾಗಲಿಲ್ಲ? ನಾನು ಗಂಟು ಹಿಡಿದು ಹೊಸ್ತಿಲು ದಾಟಿದಾಗ ಅಣ್ಣ ಒಳಮನೆಯಲ್ಲೇ ಇದ್ದ. ಅವ್ವನಿಗೆ ಅದು ಗೊತ್ತಿತ್ತು. ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಿಟಕಿ ಪಕ್ಕ ಕೂರಿಸಿ ಕಂಡಕ್ಟರಿಗೆ ಹೇಳುವಾಗಲೂ ಗೊತ್ತಿತ್ತು.

ಅವ್ವನನ್ನು ನೋಡಿದೆ. ಅವಳು ತಲೆ ತಗ್ಗಿಸಲಿಲ್ಲ, ನೇರ ನನ್ನನ್ನೇ ನೋಡುತ್ತಿದ್ದಳು. ಗಂಟೆ ಹೊಡೆಯುವವರೆಗೂ ಮೈಕಿನ ಮುಂದೆ ಸುಮ್ಮನೆ ನಿಂತಿದ್ದೆ. ದುಃಖಕ್ಕೆ ಮಾತು ಕಟ್ಟಿತು ಎಂದುಕೊಂಡು ಜನ ಚಪ್ಪಾಳೆ ಹೊಡೆದರು.

ಅಣ್ಣ ಯಾರೊಡನೆಯೂ ಮಾತಾಡದೆ ಹೋಗಿ ಕಾರಿನಲ್ಲಿ ಕೂತ. ಅವನ ಮೇಲೆ ನನಗೆ ಅಯ್ಯೋ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಅಂಗಳದ ಬೆಂಚಿನ ಮೇಲೆ ಅವ್ವ ಒಬ್ಬಳೇ ಇದ್ದಳು.

“ಲಂಗ ಯಾಕಿಟ್ಟಿದ್ದೆ?”

“ಗೊತ್ತಾತಲ್ಲ, ಮತ್ಯಾಕೆ ಕೇಳ್ತಿ? ಎರಡ್ನೇ ದಿನ ನಾನೇ ಹೋಗಿ, ರಾತ್ರಿ ನೀನು ಮಲಗಿದ್ ಮೇಲೆ ಅವನ್ನ ಮನೆಗೆ ಕರ್ಕಂಡ್ ಬಂದೆ. ಅವನ ಕೈಲಿ ಕುರಿ ಉಳೀತಿರ್ಲಿಲ್ಲ. ನಿನ್ನ ಕೈಲಿ ಉಳಿದ್ವು.”

“ನನ್ನನ್ನ ಒಂದು ಮಾತು ಕೇಳ್ಬೇಕಿತ್ತು.”

“ಕೇಳಿದ್ರೆ ನೀನು ಒಲ್ಲೆ ಅಂತಿದ್ದೆ.” ಅವ್ವ ಸೆರಗು ಸರಿ ಮಾಡಿಕೊಂಡಳು. “ಮುಂದಿನ ತಿಂಗ್ಳಿಗೆ ನನ್ನ ಹೆಸರು ಬರೆಸು. ನಿಮ್ಮಿಬ್ರದೂ ಕೇಳಿದೆ. ನಂದೂ ಒಂದು ಐತೆ.”

ಅಣ್ಣ ಈಗ ಆ ಸಭಾಂಗಣದ ಕಡೆ ತಲೆ ಹಾಕುವುದಿಲ್ಲ. ಹೆಸರು ಬರೆಸುವುದಿದ್ದರೆ ನಾನೇ ಬರೆಸಬೇಕು, ನಂಬರು ನನ್ನ ಫೋನಿನಲ್ಲಿದೆ. ಒಂದು ನಿಮಿಷದ ಕೆಲಸ. ಆದರೆ ಅವ್ವ ಆ ಮೈಕಿನ ಮುಂದೆ ನಿಂತು, ಕಾಲು ಮುರಿದ ಗಂಡನನ್ನೂ ಇಬ್ಬರು ಮಕ್ಕಳನ್ನೂ ಮುಂದಿಟ್ಟುಕೊಂಡು ನನ್ನನ್ನು ಕಳಿಸುವ ಹಿಂದಿನ ರಾತ್ರಿ ಏನೇನು ಯೋಚಿಸಿದಳು ಎಂದು ಹೇಳಿದರೆ, ನನಗೆ ಅದು ಅರ್ಥವಾಗಿಬಿಡುತ್ತದೆ. ಅರ್ಥ ಮಾಡಿಕೊಳ್ಳಲು ನನಗೆ ಇನ್ನೂ ಮನಸ್ಸಿಲ್ಲ.

ಐದು ತಿಂಗಳಾಯಿತು. ಅವ್ವ ವಾರಕ್ಕೊಮ್ಮೆ ಫೋನು ಮಾಡಿ, ಹೆಸರು ಬರೆಸಿದೆಯಾ ಎಂದು ಕೇಳುತ್ತಾಳೆ. ಅವಳಿಗೆ ಎಂಬತ್ತು ದಾಟಿದೆ, ಮಾತಿನ ನಡುವೆ ಉಸಿರು ಸಿಕ್ಕಿಕೊಳ್ಳುತ್ತದೆ.

“ಈ ತಿಂಗ್ಳೂ ಪಟ್ಟಿ ತುಂಬೈತಂತೆ ಕಣವ್ವ” ಎನ್ನುತ್ತೇನೆ.