ಎರಡನೇ ಏಟು

ಪೀಣ್ಯದಲ್ಲಿ ಹಳೆ ಯಂತ್ರ ಬೇಕೆಂದವರು ದ್ಯಾಮಣ್ಣನ ಗೋಡೌನಿಗೆ ಬರುತ್ತಾರೆ. ಹೆಲ್ಪರಾಗಿ ಬಂದು, ಲೇತ್ ಕಲಿತು, ಕೊನೆಗೆ ಯಂತ್ರ ಓಡಿಸುವುದಕ್ಕಿಂತ ಮಾರುವುದೇ ಸುಖವೆಂದು ಕಂಡುಕೊಂಡ ಮನುಷ್ಯ. ಅವನ ಕೈಗೆ ಸಿಕ್ಕರೆ ಹಲ್ಲುದುರಿದ ಡ್ರಿಲ್ಲಿಂಗ್ ಮಷೀನೂ ಹಸಿರು ಬಣ್ಣ ಬಳಿದುಕೊಂಡು ಮದುವಣಗಿತ್ತಿಯಂತೆ ನಿಲ್ಲುತ್ತದೆ. ಗಿರಾಕಿಗೆ ಟ್ರಯಲ್ ಉಂಟು; ಆದರೆ ಯಂತ್ರ ತಣ್ಣಗಿರುವಾಗ, ಬಡಿಯುವ ಯಂತ್ರವಾದರೆ ಹತ್ತೇ ಏಟು. ಹನ್ನೊಂದಕ್ಕೆ ಮೊದಲೇ ಚಹಾ ಬಂದಿರುತ್ತದೆ.

ಹಾಗೆ ಮಾರಿದ್ದರಲ್ಲಿ ತಗಡು ಬಡಿದು ಕತ್ತರಿಸುವ ಒಂದು ಪವರ್ ಪ್ರೆಸ್ಸು ಮಾತ್ರ ಅವನನ್ನು ಬಿಟ್ಟಿಲ್ಲ. ಪೆಡಲ್ ಒಮ್ಮೆ ತುಳಿದರೆ ಒಮ್ಮೆ ಬಡಿಯಬೇಕಾದದ್ದು, ಓಡಿ ಓಡಿ ಕಾದಮೇಲೆ ಕಾಲು ತೆಗೆದರೂ ತಾನಾಗಿ ಇನ್ನೊಂದು ಏಟು ಹಾಕುತ್ತಿತ್ತು. ದ್ಯಾಮಣ್ಣನಿಗೆ ಅದು ಗೊತ್ತಿತ್ತು. ತಣ್ಣಗಿದ್ದಾಗ ತೋರಿಸಿ ಒಂದು ಕಾರ್ಖಾನೆಗೆ ಮಾರಿದ. ನಾಲ್ಕನೇ ತಿಂಗಳು, ಅದನ್ನು ಓಡಿಸುತ್ತಿದ್ದ, ತಗಡು ತೆಗೆಯಲು ಕೈಹಾಕಿದ್ದ ಮುತ್ತುವಿನ ಬಲಗೈಯ ನಾಲ್ಕು ಬೆರಳು ಹೋದವು. “ಕಾಲ ತೆಗದಿದ್ದೆರೀ, ಎರಡನೇದು ತಾನ ಬಿತ್ತು,” ಎಂದು ಮುತ್ತು ಆಸ್ಪತ್ರೆಯ ಮಂಚದಿಂದಲೇ ಹೇಳಿದ. ಕಾರ್ಖಾನೆಯವರು ಮಾರಿದವನನ್ನು ಕರೆಸಿದರು. ದ್ಯಾಮಣ್ಣ ಎಲ್ಲರೆದುರು ಹತ್ತು ಏಟು ಹೊಡೆಸಿ ತೋರಿಸಿದ. ಹತ್ತೂ ಲಕ್ಷಣವಾಗಿ ಬಿದ್ದವು. ತಪ್ಪು ಮುತ್ತುವಿನ ಕಾಲಿನದೇ ಎಂದು ಬರೆದು ಅವನನ್ನು ಮನೆಗೆ ಕಳಿಸಿದರು.

ಆಮೇಲೆ ದ್ಯಾಮಣ್ಣ ಆ ಪ್ರೆಸ್ಸನ್ನು ತಾನೇ ಮರಳಿ ಕೊಂಡು, ಗೋಡೌನಿನ ಮೂಲೆಯಲ್ಲಿ ಟಾರ್ಪಾಲು ಹೊದಿಸಿಟ್ಟ. ಮೂರು ವರ್ಷವಾಯಿತು. ಮಾರಲಿಲ್ಲ, ಗುಜರಿಗೂ ಹಾಕಲಿಲ್ಲ. ಮನೆಯಲ್ಲಿ ಬಾಗಿಲು ಬಡಿದುಕೊಂಡರೆ, ಪಕ್ಕದ ಶೆಡ್ಡಿನಲ್ಲಿ ಕಬ್ಬಿಣ ಇಳಿಸಿದರೆ, ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಎರಡನೇ ಸದ್ದಿಗೆ ಕಾಯುತ್ತಾನೆ. ಅದು ಬರುವುದಿಲ್ಲ. ಬಾರದಿರುವುದೇ ಹೆಚ್ಚು ಕಾಡುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಮಾರತ್ತಹಳ್ಳಿಯಿಂದ ಇಬ್ಬರು ಬಂದರು. ಗಿಟಾರಿನ ಸಿದ್ಧಾರ್ಥ್, ಡ್ರಮ್ಮಿನ ವೇಣಿ. ವಾರವೆಲ್ಲ ಕಂಪ್ಯೂಟರು, ರಜೆಯಲ್ಲಿ ಹೆವಿ ಮೆಟಲ್ ಬ್ಯಾಂಡು.

“ಇಡೀ ಆಲ್ಬಮ್ಮು ಒಂದೇ ಕಥೆ ಅಂಕಲ್,” ಎಂದ ಸಿದ್ಧಾರ್ಥ್. “ಮುಚ್ಚೋಗಿರೋ ಫ್ಯಾಕ್ಟರಿ ಮಷೀನುಗಳು ತಮ್ಮ ಕಥೆ ತಾವೇ ಹೇಳ್ತವೆ. ಒಂದ್ ಮಷೀನಿಗೆ ಒಂದ್ ಹಾಡು. ನಿಜವಾದ ಸೌಂಡೇ ಬೇಕು, ರೆಕಾರ್ಡ್ ಮಾಡ್ಕೊಂಡ್ ಹೋಗ್ತೀವಿ.”

“ಹಾಡೋರು ಯಾರು?”

“ನಾನೇ. ಕಿರುಚ್ತೀನಿ.”

“ಕಿರುಚೋಕೆ ಲೇತ್ ಇದೆಯಲ್ಲಪ್ಪ, ನೀನ್ಯಾಕೆ ಗಂಟ್ಲು ಕೆಡಿಸ್ಕೋತೀಯ?”

ವೇಣಿ ನಕ್ಕಳು. ಯಂತ್ರ ಓಡಿಸುತ್ತಿದ್ದವರ ಹೆಸರನ್ನೂ ಹಾಡಿನ ಜೊತೆ ಹಾಕುತ್ತೇವೆ ಎಂದಳು. ದ್ಯಾಮಣ್ಣ ಲೇತಿಗೊಬ್ಬ ಈರಪ್ಪನನ್ನೂ ಡ್ರಿಲ್ಲಿಗೊಬ್ಬ ಯಮನೂರನನ್ನೂ ಅಲ್ಲೇ ಹುಟ್ಟಿಸಿ, ಊರು ಕೇರಿ ಸಮೇತ ಕೊಟ್ಟ. ಅಷ್ಟರಲ್ಲಿ ವೇಣಿ ಮೂಲೆಯ ಟಾರ್ಪಾಲು ಎತ್ತಿದ್ದಳು. ಬೇಡವೆಂದರೆ ಕಾರಣ ಕೇಳುತ್ತಾರೆ. “ಕೈ ದೂರ ಇಟ್ಕೋ. ಹತ್ತೇ ಏಟು ಕಣಮ್ಮ,” ಎಂದು ಸ್ವಿಚ್ಚು ಹಾಕಿಕೊಟ್ಟ.

ಆಗಲೇ ಗೇಟಿನ ಬಳಿ ಗಿರಾಕಿಯೊಬ್ಬ ಬಂದ; ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ತಾನೂ ಕೂತ. ಒಳಗೆ ಏಟು ಹತ್ತು ದಾಟಿದ್ದು ದ್ಯಾಮಣ್ಣನಿಗೆ ಕೇಳಿಸಿತು. ಎದ್ದು ಹೋದರೆ ಗಿರಾಕಿಯೂ ಎದ್ದು ಹೋಗುತ್ತಾನೆ. ಕೂತೇ ಇದ್ದ. ಒಂದು ಗಂಟೆ, ಒಂದೊಂದು ಸದ್ದಿಗೂ ಮಾತು ನುಂಗುತ್ತ, ಕಂಪ್ರೆಸರಿನ ಗುಣಗಾನ ಮಾಡಿದ. ಧಡ್. ಧಡ್. ಧಡ್-ಧಡ್.

ಓಡಿಬಂದ. ವೇಣಿ ಪೆಡಲಿನಿಂದ ಎರಡಡಿ ಹಿಂದೆ ನಿಂತಿದ್ದಳು.

“ನಾನು ಕಾಲು ತೆಗ್ದಿದ್ದೆ ಅಂಕಲ್. ಎರಡನೇದು ತಾನಾಗೇ ಬಿತ್ತು.”

ಅದೇ ಮಾತು. ಸ್ವಿಚ್ಚು ಆರಿಸಿದ ಮೇಲೂ ದ್ಯಾಮಣ್ಣನ ಕೈ ಅದರ ಮೇಲೇ ಇತ್ತು.

“ಸಕ್ಕತ್ ಗುರು, ಯಾವಾಗ ಬೀಳುತ್ತೋ ಗೊತ್ತೇ ಆಗಲ್ಲ. ಕೊನೇ ಹಾಡು ಇದರ ಮೇಲೇ ಕಟ್ಟೋಣ,” ಎಂದು ವೇಣಿಗೆ ಹೇಳಿದ ಸಿದ್ಧಾರ್ಥ್, ದ್ಯಾಮಣ್ಣನ ಕಡೆ ತಿರುಗಿದ. “ಇದನ್ನ ಓಡಿಸ್ತಿದ್ದೋರ ಹೆಸರು?”

ನಾಲಿಗೆಯ ತುದಿಗೆ ಒಬ್ಬ ಬಸು ಬಂದ. ಬಸುವಿಗೆ ಊರೂ ಸಿಕ್ಕಿತು. ಬಾಯಿ ತೆರೆದಾಗ ಹೊರಬಿದ್ದದ್ದು ಬೇರೆ.

“ಮುತ್ತು. ಯಲಬುರ್ಗಾ ಕಡೆಯವನು. ಆ ಎರಡನೇ ಏಟಿಗೆ ಬೆರಳು ಕಳ್ಕೊಂಡ. ಅವನನ್ನ ಕೇಳದೆ ಹಾಡು ಕಟ್ಬೇಡಿ. ಆ ಸೌಂಡು ನನ್ನ ಫೋನಿಗೆ ಹಾಕಪ್ಪ.”

ಮುತ್ತು ಈಗ ಬೇಗೂರಿನ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಾನೆ. ಮರುದಿನ ಮಧ್ಯಾಹ್ನ ದ್ಯಾಮಣ್ಣನನ್ನು ಕಂಡವನು ಸ್ಟೂಲಿನಿಂದ ಏಳಲಿಲ್ಲ.

“ಬರ್ರಿ ಸಾವ್ಕಾರ್ರ. ಇಲ್ಲೇನ್ ಮಾರಾಕ ಬಂದೀರಿ?”

ದ್ಯಾಮಣ್ಣ ಫೋನು ಜೋರು ಮಾಡಿ ಹಿಡಿದ. ಜೋಡಿ ಏಟು ಬಿದ್ದಾಗ ಮುತ್ತು ಎದ್ದುಬಿಟ್ಟ. ಬೆರಳಿಲ್ಲದ ಕೈ ಎದೆಗೆ ಒತ್ತಿಕೊಂಡಿತ್ತು. ಇನ್ನೊಮ್ಮೆ ಹಾಕಿಸಿದ. ಮತ್ತೊಮ್ಮೆ ಹಾಕಿಸಿದ.

“ಕಾಲ ತೆಗದಿದ್ನೋ ಇಲ್ಲೋ ಅಂತ ನನಗ ಅನುಮಾನ ಬಂದಬಿಟ್ಟಿತ್ರಿ,” ಎಂದ. “ಮನ್ಯಾಗ ಕುಂತು ಕಾಲಿಗೆ ಬೈತಿದ್ದೆ.”

ದ್ಯಾಮಣ್ಣ ಹಾಡಿನ ವಿಷಯ ಹೇಳಿದ.

“ಮಾಡ್ಲಿ. ಎರಡನೇದನ್ನ ಮಾತ್ರ ಬಿಡಬ್ಯಾಡ್ರಿ ಅಂತ ಹೇಳ್ರಿ.” ಆಮೇಲೆ ಕೇಳಿದ: “ಇದು ನಿಮಗ ಯಾವಾಗ ಗೊತ್ತಾತು?”

ನಿನ್ನೆ ಎನ್ನಬಹುದಿತ್ತು. ಸಾಕ್ಷಿಗೆ ವೇಣಿಯೂ ಇದ್ದಳು.

“ಮಾರೋಕೆ ಮುಂಚೆನೇ.”

ಮುತ್ತು ಎಡಗೈಯಿಂದ ತನ್ನ ಫೋನು ತೆಗೆದು, ರೆಕಾರ್ಡು ಒತ್ತಿ, ಅವನ ಬಾಯಿಯ ಹತ್ತಿರ ಹಿಡಿದ.

“ಅದನ್ನ ಹೇಳ್ರಿ. ನಿಮ್ಮ ಹೆಸರು ಸೇರಿಸಿ.”

ದ್ಯಾಮಣ್ಣ ಹೆಸರು ಹೇಳುವಷ್ಟರಲ್ಲಿ ಕಾರೊಂದು ಬಂದು ಹಾರ್ನ್ ಹೊಡೆಯಿತು. ಮುತ್ತು ಗೇಟು ತೆರೆದು, ಸಲಾಮು ಮಾಡಿ, ಗೇಟು ಎಳೆದು ವಾಪಸ್ಸು ಬಂದ. ದ್ಯಾಮಣ್ಣ ನಿಂತಲ್ಲೇ ನಿಂತಿದ್ದ.

“ಮೊದಲಿಂದ ಹೇಳ್ರಿ,” ಎಂದ ಮುತ್ತು.