ಬಾವಿ ನೀರು ಮುಟ್ಟಿದ ಉಣ್ಣೆ

ನವಲಗುಂದದ ಸೀಮೆಯಲ್ಲಿ ಉಣ್ಣೆ ತೊಡುವಷ್ಟು ಚಳಿ ಬೀಳುವುದೇ ಅಪರೂಪ. ಆದರೂ ಕೂಸು ಹುಟ್ಟಿತೆಂದರೆ ತಲೆಗೊಂದು ಉಣ್ಣೆಯ ಟೊಪ್ಪಿಗೆ, ಕಾಲಿಗೊಂದು ಜೊತೆ ಚೀಲ ಬೇಕೇ ಬೇಕು. ಬೇಸಿಗೆಯಲ್ಲಿ ಎರೆಭೂಮಿ ಬಾಯಿ ಬಿಟ್ಟು ಬಿದ್ದಿದ್ದರೂ ಸರಿ, ಗಾಳಿ ತಾಗಬಾರದೆಂದು ಕೂಸನ್ನು ಬೆವರಿನಲ್ಲಿ ಬೇಯಿಸುವುದು ನಮ್ಮ ಕಡೆಯ ಪ್ರೀತಿ. ಎಪ್ಪತ್ತರ ದಶಕದಲ್ಲಿ ನಮ್ಮೂರಿನ ಅಂಥ ಟೊಪ್ಪಿಗೆಗಳನ್ನೆಲ್ಲ ಹೆಣೆದವಳು ನನ್ನ ಅಕ್ಕ. ವಯಸ್ಸಿನಲ್ಲಿ ನನಗಿಂತ ತುಸು ದೊಡ್ಡವಳು, ಸಿಟ್ಟಿನಲ್ಲಿ ಮನೆಗೇ ಹಿರಿಯಳು.

ಹೆಣಿಕೆ ಕಲಿಸಿದ್ದು ಊರಿಗೆ ಬರುತ್ತಿದ್ದ ಗ್ರಾಮಸೇವಿಕೆ. ಸೂಜಿಗಳೆಂದರೆ ಸೈಕಲ್ ಚಕ್ರದ ಕಡ್ಡಿಗಳು, ಕಲ್ಲಿಗೆ ತಿಕ್ಕಿ ತುದಿ ಮಾಡಿದವು. ಅಪ್ಪ ಹುಬ್ಬಳ್ಳಿಯಿಂದ ತರುತ್ತಿದ್ದುದು ಬಿಳಿ ಉಣ್ಣೆ ಮಾತ್ರ. ಬಣ್ಣದ್ದು ಕೇಳಿದರೆ, "ಬಣ್ಣ ಮನ್ಯಾಗ ಇಲ್ಲೇನು?" ಎನ್ನುತ್ತಿದ್ದ. ಹಾಗಾಗಿ ಅಕ್ಕ ಬಣ್ಣ ಹಾಕುವುದನ್ನು ತಾನೇ ಕಲಿತಳು. ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಹಳೆಯ ಜರ್ಮನ್, ಅಂದರೆ ಅಲ್ಯುಮಿನಿಯಂ ಬೋಗುಣಿಯಲ್ಲಿ ದಾಳಿಂಬೆ ಸಿಪ್ಪೆ, ಉಳ್ಳಾಗಡ್ಡಿ ಸಿಪ್ಪೆ, ಕುಟ್ಟಿದ ಅರಿಶಿಣದ ಕೊಂಬು ಏನೇನೋ ಕುದಿಸುತ್ತಿದ್ದಳು. ಪಟಕ ಹಾಕಿದರೆ ಬಣ್ಣ ಕಚ್ಚುತ್ತದೆ, ಉರಿ ಜೋರಾದರೆ ಉಣ್ಣೆ ಮುದ್ದೆಯಾಗುತ್ತದೆ ಎಂಬುದೆಲ್ಲ ಹಾಳು ಮಾಡಿಯೇ ಗೊತ್ತಾದದ್ದು. ಅವಳ ಉಗುರುಗಳು ವರ್ಷವಿಡೀ ಹಳದಿಯಾಗಿಯೇ ಇರುತ್ತಿದ್ದವು.

ನಮ್ಮಲ್ಲಿ ಎರಡು ಬಗೆಯ ನೀರು. ಕೆರೆಯದು ಸಿಹಿ, ಕುಡಿಯಲಿಕ್ಕೆ. ಬಾವಿಯದು ಸವಳು, ಬಟ್ಟೆ ಪಾತ್ರೆಗೆ. ಅಕ್ಕ ಬಣ್ಣ ಹಾಕಿದ ಉಣ್ಣೆಯನ್ನು ಕೆರೆಯ ನೀರಿನಲ್ಲೇ ಜಾಲಾಡುತ್ತಿದ್ದಳು. ಒಮ್ಮೆ ಅವ್ವ ಕೊಡ ಕಸಿದುಕೊಂಡು, "ಕುಡಿಯೂ ನೀರಿಗೆ ಬೆಂಕಿ ಹಚ್ಚತೀಯೇನ ಬೇ?" ಎಂದು ಬೈದಳು. ಅಕ್ಕ ಸಿಟ್ಟಿನಲ್ಲಿ ಅರಿಶಿಣ ಹಾಕಿದ ಉಣ್ಣೆಯ ಲಡಿಯನ್ನು ಒಯ್ದು ಬಾವಿಯ ಕಟ್ಟೆಯ ಮೇಲೆ, ಸವಳು ತುಂಬಿದ ಬಕೆಟ್ಟಿಗೆ ಇಳಿಬಿಟ್ಟಳು. ನೀರು ಮುಟ್ಟಿದಷ್ಟು ಭಾಗ ನೋಡುತ್ತಿದ್ದಂತೆಯೇ ಇಟ್ಟಿಗೆಯಂತೆ ಕೆಂಪಾಯಿತು. ಮೊದಲು ಅತ್ತಳು. ಆಮೇಲೆ ಸುಮ್ಮನೆ ಕೂತು ನೋಡಿದಳು. ಉಳಿದ ಲಡಿಗಳನ್ನು ಬೇಕೆಂದೇ ಅರ್ಧರ್ಧ ಅದ್ದಿ ತೆಗೆದಳು. ಆ ಉಣ್ಣೆಯಲ್ಲಿ ಹೆಣೆದ ಟೊಪ್ಪಿಗೆ ಹಳದಿಯಿಂದ ಹೊರಟು ಅಂಚಿಗೆ ಬರುವಷ್ಟರಲ್ಲಿ ಕೆಂಪಾಗುತ್ತಿತ್ತು; ಎಲ್ಲಿ ಬದಲಾಯಿತೆಂದು ಬೆರಳಿಟ್ಟು ತೋರಿಸಲು ಬರುತ್ತಿರಲಿಲ್ಲ. ಅಷ್ಟು ಚೆಂದದ್ದನ್ನು ನಾನು ಮುಂದೆಯೂ ನೋಡಿಲ್ಲ.

ಆಗ ಕನ್ಯೆ ನೋಡಲು ಬಂದವರಿಗೆ ಹುಡುಗಿಯ ಕೈಕೆಲಸ ತೋರಿಸಬೇಕಿತ್ತು. ಕಸೂತಿ, ಮಣಿಯ ತೋರಣ, ಉಣ್ಣೆಯ ಹೆಣಿಕೆ ಎಲ್ಲವನ್ನೂ ಟ್ರಂಕಿನ ಮೇಲೆ ಹರವಿಡುವುದು. ಕೈಯಲ್ಲಿ ಏನೂ ಬಾರದ ಹುಡುಗಿಯರ ಮನೆಯವರು ಬಲ್ಲವರ ಮನೆಯಿಂದ ತಂದು ಹರವುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಕ್ಕನ ಟೊಪ್ಪಿಗೆಗಳು ಅವಳಿಗಿಂತ ಹೆಚ್ಚು ಊರು ನೋಡಿದ್ದವು. ಅಣ್ಣಿಗೇರಿಯಲ್ಲಿದ್ದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ತನ್ನ ಮಗಳಿಗೆಂದು ಆ ಹಳದಿ ಕೆಂಪು ಟೊಪ್ಪಿಗೆಯನ್ನೇ ಒಯ್ದಳು. ಸೂಜಿಯ ಯಾವ ತುದಿ ಮುಂದಕ್ಕೆ ಎಂಬುದೂ ತಿಳಿಯದ ಆ ಹುಡುಗಿ ಅದರ ಬಲದಿಂದ ಮೊರಬದ ದೊಡ್ಡ ಮನೆಗೆ ಸೊಸೆಯಾಗಿ ಹೋದಳು. ಟೊಪ್ಪಿಗೆ ನಮ್ಮ ಮನೆಗೆ ವಾಪಸು ಬಂತು.

ವರ್ಷ ಕಳೆಯುವುದರೊಳಗೆ ಆ ಮನೆಯ ಕಿರಿಯ ಮಗನಿಗೆಂದು ನಮ್ಮ ಅಕ್ಕನನ್ನು ನೋಡಲು ಬಂದರು. ಹುಡುಗನ ತಾಯಿ ಮೊರಬದಾಕೆ ಬಂದಳು, ಹುಡುಗ ಬಂದ, ಜೊತೆಗೆ ಹಿರಿ ಸೊಸೆಯಾಗಿ ದೊಡ್ಡವ್ವನ ಮಗಳೂ ಬಂದಳು. ಆ ಟೊಪ್ಪಿಗೆಯನ್ನು ಹೊರಗೆ ತೆಗೆಯಬೇಡವೆಂದು ಅವ್ವ ಬೆಳಗಿನಿಂದ ಹೇಳಿದ್ದಳು. ಅಕ್ಕ ಕೇಳಲಿಲ್ಲ. "ನಂದು ನಾ ತೋರಸಲಿಲ್ಲಂದ್ರ ಯಾರು ತೋರಸ್ಬೇಕು?" ಎಂದು ಅದನ್ನೇ ಎಲ್ಲಕ್ಕಿಂತ ಮೇಲಿಟ್ಟಳು. ಗಂಡ ಬೇಕೆನ್ನುವ ಆಸೆ ಅವಳಿಗೆ ಅಷ್ಟಿರಲಿಲ್ಲ. ಇದು ನೀನು ಮಾಡಿದ್ದು ಎಂದು ಯಾರಾದರೂ ಒಮ್ಮೆ ಅನ್ನಲಿ ಎಂಬುದಿತ್ತು.

ಮೊರಬದಾಕೆ ಟೊಪ್ಪಿಗೆ ಎತ್ತಿಕೊಂಡು ತಿರುಗಿಸಿ ನೋಡಿದಳು.

"ಇದು ನಮ್ಮ ಸೊಸಿದಲ್ಲ? ಅಕಿನ್ನ ನೋಡಾಕ ಹೋದಾಗ ಇದನ್ನಽ ಇಟ್ಟಿದ್ರು."

ಎಲ್ಲರೂ ದೊಡ್ಡವ್ವನ ಮಗಳ ಮುಖ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು, ಕಣ್ಣು ಮಿಟುಕಿಸದೆ ಹೇಳಿದಳು: "ಹೌದ್ರಿ ಅತ್ತಿ, ನಂದಽ. ನೋಡಿ ಕಲೀತೀನಿ ಅಂತ ಕೇಳಿದ್ಲು, ಕೊಟ್ಟಿದ್ದೆ. ತಂದು ಇಲ್ಲಿ ಇಡತಾಳಂತ ನನಗೇನು ಗೊತ್ತರಿ?"

ಆ 'ನನಗೇನು ಗೊತ್ತರಿ' ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ನಾವು ಕೊಟ್ಟದ್ದನ್ನು ಮರೆಯಲಿ, ಬೇಡ ಎಂದವರಾರು. ಅಕ್ಕನನ್ನೇ ಸುಳ್ಳುಗಾತಿಯೆಂದು ತೋರಿಸುವ ಹೆಚ್ಚಿನ ಅಗತ್ಯವೇನಿತ್ತು? ಅಕ್ಕ ತಲೆ ಎತ್ತಿ, "ಆ ಕೆಂಪ ಹೆಂಗ ಬಂತು ಕೇಳ್ರಿ ಅಕಿನ್ನ. ಬಾವಿ ನೀರಾಗ..." ಎನ್ನುವಷ್ಟರಲ್ಲಿ ಅವ್ವ ನಡುವೆ ಬಾಯಿ ಹಾಕಿದಳು.

"ಹೌದ್ರಿ, ಅದು ಅಕಿದಽ. ಇಕಿಗೆ ಇನ್ನೂ ಏನೂ ಬರೂದಿಲ್ಲರಿ."

ಅವ್ವನ ಲೆಕ್ಕ ನನಗೆ ಅರ್ಥವಾಗುತ್ತದೆ. ನಿಜ ಹೊರಬಿದ್ದರೆ ತನ್ನ ಅಕ್ಕನ ಮಗಳು ತವರಿಗೆ ಬಂದು ಕೂರುತ್ತಾಳೆ. ತನ್ನ ಮಗಳದೇನು, ಇನ್ನೊಂದು ಮನೆ ಸಿಗುತ್ತದೆ. ಅರ್ಥವಾಗುತ್ತದೆ ಎಂದ ಮಾತ್ರಕ್ಕೆ ಕ್ಷಮಿಸಬೇಕೆಂದೇನೂ ಇಲ್ಲ, ನಾನು ಕ್ಷಮಿಸಿಲ್ಲ. ಮೊರಬದಾಕೆ "ಹಂಗಾದ್ರ ನಮ್ಮದನ್ನ ನಾವು ಒಯ್ತೀವಿ" ಎಂದು ಟೊಪ್ಪಿಗೆಯನ್ನು ಚೀಲಕ್ಕೆ ಹಾಕಿಕೊಂಡಳು. ಅವಲಕ್ಕಿ ತಿಂದು, ಚಹಾ ಕುಡಿದು, ಬಸ್ಸಿಗೆ ಹೋದರು. ಎರವಲು ಸಾಮಾನು ತೋರಿಸುವ ಹುಡುಗಿ ಬೇಡವೆಂದು ಹೇಳಿ ಕಳಿಸಿದರು. ಆ ಮಾತು ಊರೆಲ್ಲ ತಿರುಗಿತು. ಅದುವರೆಗೆ ನಮ್ಮಿಂದ ಟೊಪ್ಪಿಗೆ ಒಯ್ದಿದ್ದವರೆಲ್ಲ ಸೇರಿ ಅಕ್ಕನನ್ನು ನೋಡಿ ನಕ್ಕರು.

ಅಷ್ಟಕ್ಕೇ ಮುಗಿಯಲಿಲ್ಲ. ದೊಡ್ಡವ್ವನ ಮಗಳು ಬಾಣಂತನಕ್ಕೆ ಅಣ್ಣಿಗೇರಿಗೆ ಬಂದಳು. ಹಿಂದೆಯೇ ದೊಡ್ಡವ್ವ ಬಿಳಿ ಉಣ್ಣೆಯ ಗಂಟು ಹಿಡಿದು ನಮ್ಮ ಮನೆಗೆ ಬಂದಳು. ತೊಟ್ಟಿಲಿನ ದಿನ ಬೀಗರು ಬರುತ್ತಾರೆ, ಸೊಸೆಯ ಕೈಯಾರೆ ಹೆಣೆದ ಟೊಪ್ಪಿಗೆ ಕೂಸಿನ ತಲೆಯ ಮೇಲಿರಬೇಕಂತೆ, ಅತ್ತೆ ಅಪ್ಪಣೆ ಮಾಡಿದ್ದಾಳಂತೆ. ನಾಚಿಕೆ ಎನ್ನುವುದು ಅವಳ ಹತ್ತಿರ ಸುಳಿದಂತೆ ಕಾಣಲಿಲ್ಲ. ಅವ್ವ, "ಮಾಡಿಕೊಡತಾಳ ತಗೋ, ಒಂದು ಸಂಸಾರದ ಪ್ರಶ್ನಿ" ಎಂದಳು. ಅಕ್ಕ ಗಂಟನ್ನು ಇಸಿದುಕೊಂಡು ಒಳಗೊಯ್ದಳು. ಅವಳು ಇಷ್ಟು ಸಲೀಸಾಗಿ ಒಪ್ಪಿದಾಗಲೇ ಹೆದರಬೇಕೆಂದು ನನಗೆ ಗೊತ್ತಿತ್ತು.

ತೊಟ್ಟಿಲಿನ ದಿನ ದೊಡ್ಡವ್ವನ ಪಡಸಾಲೆ ನಮ್ಮೂರಿನವರೂ ಸೇರಿ ಹೆಂಗಸರಿಂದ ತುಂಬಿತ್ತು. ಬಾಣಂತಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಎದುರಿಗೆ ಮೊರಬದಾಕೆ. ಹೆಸರು ಕರೆಯುವ ಹೊತ್ತಿಗೆ ಅಕ್ಕ ಎದ್ದು ನಡುವೆ ಹೋಗಿ, ಸೆರಗಿನೊಳಗಿಂದ ಟೊಪ್ಪಿಗೆ ತೆಗೆದಳು. ಅದು ಅರ್ಧಕ್ಕೇ ನಿಂತಿತ್ತು. ಕುಣಿಕೆಗಳೆಲ್ಲ ಇನ್ನೂ ಸೂಜಿಯ ಮೇಲೇ ಇದ್ದವು, ಉಣ್ಣೆಯ ಉಂಡೆ ಕೆಳಗೆ ಜೋತಾಡುತ್ತಿತ್ತು.

"ತಗೋ ತಂಗಿ, ನಿನ್ನ ಕೈಕೆಲಸ. ನಮ್ಮ ಮನ್ಯಾಗ ಬಿಟ್ಟು ಬಂದಿದ್ದಿ. ಇಲ್ಲೇ ಮುಗಸು, ಕೂಸಿನ ತಲಿ ಬರೇ ಐತಿ."

ಬಾಣಂತಿಯ ಮುಖ ಸುಣ್ಣವಾಯಿತು. ಎಲ್ಲರೂ ನೋಡುತ್ತಿದ್ದರು, ಬೇಡ ಎನ್ನುವಂತಿರಲಿಲ್ಲ. ಸೂಜಿ ತೆಗೆದುಕೊಂಡಳು, ಲಟ್ಟಣಿಗೆಯಂತೆ ಮುಷ್ಟಿಯಲ್ಲಿ ಹಿಡಿದಳು. ಒಂದು ಕುಣಿಕೆ ಜಾರಿತು, ಹಿಡಿಯಲು ಹೋದರೆ ಇನ್ನೆರಡು ಜಾರಿದವು. ಕೂಸು ಅಳತೊಡಗಿತು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಹೆತ್ತು ಇನ್ನೂ ಮೈ ಸರಿಯಾಗದ ಹೆಂಗಸು. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಇವತ್ತು ನೆನೆದರೂ ತಣ್ಣಗೇ ಇದೆ.

ಮೊರಬದಾಕೆ ಮಾತ್ರ ಗಾಬರಿಯಾಗಲಿಲ್ಲ. ಸೊಸೆಯ ಕೈಯಿಂದ ಸೂಜಿ ತೆಗೆದು ಅಕ್ಕನ ಕೈಗಿಟ್ಟಳು.

"ನನಗೇನು ಇವತ್ತು ಗೊತ್ತಾತೇನಬೇ? ಮದುವಿ ಆದ ವಾರದಾಗಽ ಇಕಿ ಕೈಗೆ ಸೂಜಿ ಕೊಟ್ಟು ನೋಡೀನಿ."

"ಗೊತ್ತಿದ್ದೂ ನನ್ನ ಮನ್ಯಾಗ ನನ್ನ ಮಾನಾ ಯಾಕ ತಗದ್ರಿ?" ಅಕ್ಕ ಕೇಳಿದಳು.

"ಸುಳ್ಳು ಹೇಳಿ ಬಂದಾಕಿ ಜನ್ಮದುದ್ದಕ್ಕೂ ತಲಿ ಬಗ್ಗಿಸಿಕೊಂಡು ಇರ್ತಾಳ, ನೋಡು ಹೆಂಗ ಕುಂತಾಳ. ನಿನ್ನಂಥಾಕಿ ತಲಿ ಎತ್ತಿಕೊಂಡು ಬರ್ತಾಳ. ಒಬ್ಬಾಕಿ ಎತ್ತಿದ್ರ ಇನ್ನೊಬ್ಬಾಕೀನೂ ಎತ್ತತಾಳ. ನನಗ ಬ್ಯಾಡಾಗಿತ್ತು. ಈಗ ಕುಂತು ಮುಗಸು, ಹೊತ್ತಾಗತೈತಿ."

ಅಕ್ಕ ಸೂಜಿ ಎಸೆದು ಬರುತ್ತಾಳೆಂದುಕೊಂಡೆ. ಎಸೆಯಲಿಲ್ಲ. ಕೂತು, ಜಾರಿದ ಕುಣಿಕೆಗಳನ್ನು ಒಂದೊಂದಾಗಿ ಎತ್ತಿಕೊಂಡು ಹೆಣೆಯತೊಡಗಿದಳು. ಅವಳ ಬೆರಳುಗಳ ವೇಗ ನೋಡಿ ಹೆಂಗಸರು ಸುತ್ತ ಸೇರಿದರು. "ಅಯ್ಯ, ಎಲ್ಲಾ ಇಕಿದಽ ಕೆಲಸ ಐತಲ್ಲ," "ನಾ ಆಗಽ ಅಂದಿದ್ದೆ" ಎಂದೆಲ್ಲ ಶುರುವಾಯಿತು. ನಕ್ಕಿದ್ದ ಬಾಯಿಗಳೇ ಅವು. ಟೊಪ್ಪಿಗೆ ಮುಗಿಯುತ್ತಲೇ ಮೊರಬದಾಕೆ ಅದನ್ನು ಕೂಸಿನ ತಲೆಗೆ ಎಳೆದಳು, ಚೆಂದಾಗಿದೆ ಎಂದಳು, ಜೋಗುಳ ಶುರುಮಾಡಿಸಿದಳು.

ಸಂಜೆಯ ಬಸ್ಸಿನಲ್ಲಿ ನಾವು ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಅವ್ವ ಕೇಳಿದಳು: "ಬಾಣಂತಿನ್ನ ಅಳಿಸಿ ಬಂದಿ. ಎಲ್ಲಾರೂ ನಿಂದಽ ಅಂದ್ರಲ್ಲ, ಈಗರ ಸಮಾಧಾನ ಆತೇನು?"

"ಎಲ್ಲಾರೂ ಅಂದ್ರು. ನೀ ಒಬ್ಬಾಕಿ ಅನ್ನಲಿಲ್ಲ."

ಅವ್ವ ಕಿಟಕಿಯ ಕಡೆ ತಿರುಗಿದಳು. ಎಮ್ಮೆ ಹಿಂಡುವ ಹೊತ್ತಾಯಿತು, ಬಸ್ಸು ಇಷ್ಟು ನಿಧಾನ ಹೋದರೆ ಹೇಗೆ ಎಂದಳು. ಅಕ್ಕ ಊರು ಬರುವವರೆಗೂ ಅವಳ ಬಾಯಿಯನ್ನೇ ನೋಡುತ್ತಾ ಕೂತಿದ್ದಳು. ಅವ್ವ ಅವತ್ತು ಅನ್ನಲಿಲ್ಲ, ಸಾಯುವವರೆಗೂ ಅನ್ನಲಿಲ್ಲ.